ಡಿಸ್ಕ್ ಒಂದೇ ಆದರೆ ಸಾಲದು
ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಮಲೆ ಮಹದೇಶ್ವರ ಕಾವ್ಯ ಕಂಸಾಳೆಯ ದೇವರಗುಡ್ಡರ ಬಾಯಿಂದ ಬಾಯಿಗೆ ಉಳಿದು ಬಂತು. ಗುರು ಹಾಡಿದ್ದು ಶಿಷ್ಯನಿಗೆ ತಿಳಿಯುತ್ತಿತ್ತು. ಇಂಥ ಪಠ್ಯ ಕಂಪ್ಯೂಟರಿಗೇರಿದಾಗ ಆ ಖಾತರಿ ತಪ್ಪಿತು. ಎಫ್‌ಎಟಿ32 ವಿನ್ಯಾಸದ ಹಾರ್ಡ್ ಡಿಸ್ಕನ್ನು ವಿಂಡೋಸ್ ಎಕ್ಸ್‌ಪಿಯೂ ಓದುತ್ತದೆ, ಇಂದಿನ ಕಂಪ್ಯೂಟರೂ ಓದುತ್ತದೆ. ಒಂದೊಂದು ಕಡತವೂ 4 ಜಿಬಿಯೊಳಗೆ ಇರಬೇಕು, ಅಷ್ಟೇ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಕಡತವನ್ನು ಆ ಫಾಂಟಿಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಒಂದೇ ಫಾಂಟಿಗೆ ಕಟ್ಟುಬೀಳದ ಸಂಕೇತವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು; ನಮ್ಮ ಡಿಟಿಪಿ ಕೆಲಸ ಮಾತ್ರ ಬಹುಕಾಲ ಹಳೆಯ ಸಂಕೇತದಲ್ಲೇ ಸಾಗಿತು.

ಪರಿವರ್ತಕ ತಂತ್ರಾಂಶಗಳಿವೆಯಲ್ಲ ಎನ್ನಬಹುದು. ಇವೆ, ನಿಜ, ಆದರೂ ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು, ಅದನ್ನು ಕಾವ್ಯ ಬಲ್ಲವರೇ ತಿದ್ದಬೇಕು. ಆದ್ದರಿಂದ ಮೂಲ ಕಡತದ ಜೊತೆಗೆ ತಿದ್ದಿದ ಯೂನಿಕೋಡ್ ಪ್ರತಿಯನ್ನೂ ಅದೇ ಡಿಸ್ಕಿನಲ್ಲಿಡಿ. ಬಲ್ಲವರು ಇರುವಾಗಲೇ ಈ ಕೆಲಸ ಮುಗಿಸಿ.