ರಾಹುಕಾಲ, ಗುಳಿಕಕಾಲಗಳ ಮೂಲವು ಒಂದೆಯೆ?

ಶುಭಾಶುಭಗಳನ್ನು ಕುರಿತು ಕನ್ನಡನಾಡಿನಲ್ಲಿ ಬಳಕೆಯಲ್ಲಿರುವ ನಂಬಿಕೆಗಳೊಳಗೆ ಹಲ್ಲಿಯ ಲೊಚಗುಟ್ಟುವಿಕೆ, ಒಂಟಿ ಸೀನು, ಹೊರಟವನಿಗೆ ಬೆಕ್ಕು ಅಡ್ಡಬರುವುದು ಮೊದಲಾದವು ಆಕಸ್ಮಿಕವಾಗಿ ಒದಗುವ ಶಕುನಗಳು. ರಾಹುಕಾಲವಾದರೋ ಯಾವ ನಿಮಿತ್ತವನ್ನೂ ಕಾಯದೆ, ಪ್ರತಿದಿನವೂ ಗೊತ್ತಾದ ಹೊತ್ತಿಗೆ ಬಂದು ಗೊತ್ತಾದ ಹೊತ್ತಿಗೆ ತೊಲಗುವಂಥದು. ಹಗಲನ್ನು ಎಂಟು ಸಮಭಾಗಗಳಾಗಿ ವಿಭಜಿಸಿ, ಅವುಗಳಲ್ಲಿ ಒಂದನ್ನು, ಎಂದರೆ ಸುಮಾರು ಮೂರು ಮುಕ್ಕಾಲು ಘಳಿಗೆಯಷ್ಟು ಕಾಲವನ್ನು, ವಾರಾನುಸಾರವಾಗಿ ವರ್ಜಿಸಬೇಕೆಂಬುದು ಇದರ ವಿಧಿ. ಗುಳಿಕಕಾಲ, ಯಮಗಂಡಕಾಲಗಳೂ ಇದೇ ವಿಭಾಗವನ್ನು ಅವಲಂಬಿಸಿರುವುದರಿಂದ ಮೂರೂ ಒಂದೇ ಗಣಿತದ ಫಲಗಳೆಂಬ ಅಭಿಪ್ರಾಯವು ಪಂಚಾಂಗ ಬಲ್ಲವರಲ್ಲಿ ರೂಢವಾಗಿದೆ. ರಾಹುಕಾಲವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಗ್ರಹಣಭಯವೇ ಇದರ ಮೂಲವೆಂದು ಹೇಳಿ ಸುಮ್ಮನಾಗುತ್ತಾರೆ. ಈ ಎರಡು ಮತಗಳೂ ನಿಲ್ಲುವುದಿಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಕೆಲವು ಸಂಗತಿಗಳಲ್ಲಿ ವಿವಾದಕ್ಕೆ ಎಡೆಯಿಲ್ಲ. ಋಗ್ವೇದದ ಐದನೆಯ ಮಂಡಲದಲ್ಲಿ ಸೂರ್ಯನನ್ನು ಕತ್ತಲೆಯಿಂದ ಕವಿಯುವವನು ಸ್ವರ್ಭಾನು. ರಾಹುವಿನ ಹೆಸರು ಅಥರ್ವವೇದದಲ್ಲಿ ಉಂಟು. ಆದರೆ ವಾರವನ್ನು ಬಿಟ್ಟು ರಾಹುಕಾಲವಿಲ್ಲ. ವೇದಾಂಗಜ್ಯೋತಿಷಕ್ಕೆ ವಾರಗಳ ಪರಿಚಯವೇ ಇಲ್ಲ. ವಾರದ ಹೆಸರುಳ್ಳ, ಕಾಲವು ಖಚಿತವಾದ ಭಾರತೀಯ ಶಾಸನಗಳಲ್ಲಿ ಅತ್ಯಂತ ಪ್ರಾಚೀನವೆನಿಸಿರುವುದು ಗುಪ್ತವರ್ಷ 165ರ, ಎಂದರೆ ಕ್ರಿ.ಶ. 484ರ, ಬುಧಗುಪ್ತನ ಏರಣ್ ಶಾಸನ. ಕನ್ನಡನಾಡಿನ ರಾಜವಂಶಗಳ ಚರಿತ್ರೆಯನ್ನೂ ಬರೆದ ಫ್ಲೀಟ್ ಮಹಾಶಯರು 1888ರ ತಮ್ಮ ಗುಪ್ತಶಾಸನ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಆದುದರಿಂದ ರಾಹುಕಾಲವು ವೇದೋಕ್ತವೆಂಬ ಮಾತಿಗೆ ಆಧಾರವಿಲ್ಲ. ಇನ್ನು ಗ್ರಹಣವಾದವನ್ನು ಪರಿಶೀಲಿಸೋಣ. ಗ್ರಹಣವು ಅಮಾವಾಸ್ಯೆ ಪೌರ್ಣಮಿಗಳಿಗೆ ಕಟ್ಟುಬಿದ್ದದ್ದು. ರಾಹುಕಾಲವಾದರೋ ತಿಥಿಯನ್ನು ಲಕ್ಷಿಸುವುದೇ ಇಲ್ಲ. ಅಲ್ಲದೆ ಗ್ರಹಣವು ಛಾಯೆಯ ಪರಿಣಾಮವೆಂಬುದನ್ನು ಆರ್ಯಭಟನೂ ವರಾಹಮಿಹಿರನೂ ಐದು ಆರನೆಯ ಶತಮಾನಗಳಷ್ಟು ಹಿಂದೆಯೇ ತಿಳಿದಿದ್ದರು. ಹೆಸರೊಂದು ಸಮಾನವಾದ ಮಾತ್ರಕ್ಕೆ ಹುಟ್ಟೂ ಸಮಾನವಾಗಬೇಕಿಲ್ಲ.

ಮುಖ್ಯವಾದ ವಿವಾದಾಂಶವು, ಮೂರೂ ಒಂದೇ ಗಣಿತದ ಫಲಗಳೆಂಬ ಮೊದಲನೆಯ ಮತಕ್ಕೆ ಸಂಬಂಧಿಸಿದುದು. ಪರಾಶರನ ಹೆಸರಿನಲ್ಲಿರುವ ಹೋರಾಗ್ರಂಥವು ಹಗಲಿನ ಎಂಟು ಭಾಗಗಳಲ್ಲಿ ಮೊದಲನೆಯದನ್ನು ಆ ದಿನದ ವಾರಾಧಿಪತಿಗೂ, ಮುಂದಿನವನ್ನು ವಾರಕ್ರಮದಲ್ಲಿ ಉಳಿದ ಗ್ರಹಗಳಿಗೂ ಕೊಟ್ಟು, ಎಂಟನೆಯದನ್ನು ಒಡೆಯನಿಲ್ಲದ್ದೆಂದು ಬಿಡುತ್ತದೆ. ಶನಿಯ ಭಾಗವು ಗುಳಿಕ, ಗುರುವಿನ ಭಾಗವು ಯಮಗಂಡ. ಈ ಸೂತ್ರವನ್ನು ಪಂಚಾಂಗಕ್ಕೆ ಹಚ್ಚಿ ನೋಡಿದರೆ, ಗುಳಿಕವು ಭಾನುವಾರ ಏಳನೆಯ ಭಾಗದಲ್ಲಿದ್ದು ದಿನಕ್ಕೊಂದರಂತೆ ಹಿಂದೆ ಸರಿದು ಶನಿವಾರ ಮೊದಲನೆಯ ಭಾಗಕ್ಕೆ ಬಂದು ನಿಲ್ಲುತ್ತದೆ. ಯಮಗಂಡವೂ ಭಾನುವಾರದ ಐದನೆಯ ಭಾಗದಿಂದ ಹೊರಟು ಗುರುವಾರ ಮೊದಲನೆಯದನ್ನು ಮುಟ್ಟಿ, ಶುಕ್ರವಾರ ಏಳನೆಯದಕ್ಕೆ ಜಿಗಿಯುತ್ತದೆ. ಎರಡೂ ಸೂತ್ರಕ್ಕೆ ತಪ್ಪುವುದಿಲ್ಲ. ರಾಹುಕಾಲವು ಮಾತ್ರ ಭಾನುವಾರ ಎಂಟನೆಯ, ಸೋಮವಾರ ಎರಡನೆಯ, ಮಂಗಳವಾರ ಏಳನೆಯ, ಬುಧವಾರ ಐದನೆಯ, ಗುರುವಾರ ಆರನೆಯ, ಶುಕ್ರವಾರ ನಾಲ್ಕನೆಯ, ಶನಿವಾರ ಮೂರನೆಯ ಭಾಗದಲ್ಲಿ ಬರುತ್ತದೆ. ರಾಹುವು ಒಡೆಯನಿಲ್ಲದ ಭಾಗಕ್ಕೆ ಒಡೆಯನಾಗಿದ್ದಲ್ಲಿ ಪ್ರತಿದಿನವೂ ಎಂಟನೆಯ ಭಾಗವೇ ಅವನದಾಗಬೇಕಾಗಿತ್ತು. ಎಂಟನೆಯ ಗ್ರಹವಾಗಿ ಸರದಿಯಲ್ಲಿ ಸೇರಿದ್ದಲ್ಲಿ ಅವನೂ ದಿನಕ್ಕೊಂದರಂತೆ ಸರಿಯಬೇಕಾಗಿತ್ತು. ಎರಡೂ ಆಗಿಲ್ಲ. 1600ರಲ್ಲಿ ಕಾಶಿಯ ರಾಮದೈವಜ್ಞನು ರಚಿಸಿದ ಮುಹೂರ್ತಚಿಂತಾಮಣಿಯು ಕುಲಿಕ, ಕಾಲವೇಲಾ, ಯಮಘಂಟ, ಕಂಟಕಗಳೆಂಬ ನಾಲ್ಕು ವಾರದೋಷಗಳನ್ನು ಶನಿ, ಬುಧ, ಗುರು, ಕುಜರಿಂದ ಎಣಿಸುವಾಗಲೂ ಆ ಸಾಲಿನಲ್ಲಿ ರಾಹುವಿಗೆ ಸ್ಥಾನವಿಲ್ಲವೆಂಬುದು ಗಮನಾರ್ಹ.

ಹಾಗಾದರೆ ಈ ವಕ್ರಕ್ರಮವು ಎಲ್ಲಿಂದ ಬಂದಿತು? ಸುಲಭವಾಗಿ ಕಣ್ಣಿಗೆ ಬೀಳದ ಒಂದು ಲಕ್ಷಣವು ಇಲ್ಲಿ ದಾರಿತೋರಿಸುತ್ತದೆ: ಎರಡರಿಂದ ಎಂಟರವರೆಗಿನ ಪ್ರತಿಯೊಂದು ಭಾಗವೂ ವಾರದಲ್ಲಿ ಒಮ್ಮೆ, ಒಮ್ಮೆ ಮಾತ್ರ, ರಾಹುವಿನದಾಗುತ್ತದೆ, ಸೂರ್ಯೋದಯದ ಮೊದಲನೆಯ ಭಾಗವು ಯಾವ ದಿನವೂ ಆಗುವುದಿಲ್ಲ. ಎಂಟು ಸ್ಥಾನಗಳು, ಏಳು ವಾರಗಳು, ಬಿಟ್ಟುಹೋದುದು ಒಂದು. ಇದೇ ಲೆಕ್ಕವು ದಿಗಧಿಪತಿಗಳಲ್ಲಿಯೂ ಕಾಣುವುದು: ಪೂರ್ವಕ್ಕೆ ರವಿ, ಆಗ್ನೇಯಕ್ಕೆ ಶುಕ್ರ, ದಕ್ಷಿಣಕ್ಕೆ ಕುಜ, ನೈರೃತ್ಯಕ್ಕೆ ರಾಹು, ಪಶ್ಚಿಮಕ್ಕೆ ಶನಿ, ವಾಯವ್ಯಕ್ಕೆ ಚಂದ್ರ, ಉತ್ತರಕ್ಕೆ ಬುಧ, ಈಶಾನ್ಯಕ್ಕೆ ಗುರು. ಈ ಎಂಟರಲ್ಲಿ ವಾರವಿಲ್ಲದವನು ರಾಹು ಒಬ್ಬನೇ. ಮೊದಲ ಭಾಗವು ಅವನ ಸ್ವಸ್ಥಾನವಾದ ನೈರೃತ್ಯಕ್ಕೆ ಸಂದುದಾದ್ದರಿಂದಲೇ ಯಾವ ವಾರಕ್ಕೂ ಸಲ್ಲದೆ ಉಳಿಯಿತೆಂದು ಊಹಿಸಲು ಅವಕಾಶವಿದೆ. ರಾಹುವನ್ನು ದಿಕ್ಕಿನಿಂದ ದಿಕ್ಕಿಗೆ ಸಂಚರಿಸುವವನೆಂದು ಭಾವಿಸಿ ಯಾತ್ರೆ, ಯುದ್ಧ, ಗೃಹಾರಂಭಗಳಲ್ಲಿ ಅವನ ಮುಖವನ್ನು ತಪ್ಪಿಸುವ ಪದ್ಧತಿಯೂ ಜ್ಯೋತಿಷದಲ್ಲಿ ಬೇರೆಯಾಗಿಯೇ ಇದೆ. ಹನ್ನೆರಡನೆಯ ಶತಮಾನದ ನರಪತಿಯ ಸ್ವರಶಾಸ್ತ್ರಗ್ರಂಥವು ಇಂಥ ಯುದ್ಧಚಕ್ರಗಳ ಭಂಡಾರವೆಂದೇ ಹೇಳಬೇಕು. ಇಷ್ಟರಿಂದ ನನಗೆ ತೋರುವುದೇನೆಂದರೆ, ಗುಳಿಕ ಯಮಗಂಡಗಳು ಹೋರಾಶಾಸ್ತ್ರದ ಕಾಲವಿಭಾಗದಿಂದ ಹುಟ್ಟಿದವು, ರಾಹುಕಾಲವಾದರೋ ದಿಗ್ವಿಚಾರದಿಂದ ಹುಟ್ಟಿ, ಆಮೇಲೆ ಅವುಗಳ ಮಗ್ಗುಲಿಗೆ ಬಂದು ಸೇರಿತು. ಇದನ್ನು ಸಿದ್ಧಾಂತವೆಂದು ನಾನು ಮುಂದಿಡುತ್ತಿಲ್ಲ. ಮೊದಲ ಭಾಗವನ್ನು ರಾಹುವಿಗೇ ಬಿಟ್ಟು, ಮೇಲ್ಕಂಡ ವಾರಗಳನ್ನು ಭಾಗಗಳ ಕ್ರಮದಲ್ಲಿ ಜೋಡಿಸಿ ಅವುಗಳ ಅಧಿಪತಿಗಳ ದಿಕ್ಕುಗಳಿಗೆ ಪರಿವರ್ತಿಸಿದರೆ ನೈರೃತ್ಯ, ವಾಯವ್ಯ, ಪಶ್ಚಿಮ, ಆಗ್ನೇಯ, ಉತ್ತರ, ಈಶಾನ್ಯ, ದಕ್ಷಿಣ, ಪೂರ್ವ ಎಂಬ ಅನುಕ್ರಮವು ಸಿದ್ಧಿಸುತ್ತದೆ. ಇದು ಪ್ರದಕ್ಷಿಣಕ್ರಮವೂ ಅಲ್ಲ, ಅಪ್ರದಕ್ಷಿಣವೂ ಅಲ್ಲ, ಸಮಾನಾಂತರದ ಜಿಗಿತವೂ ಅಲ್ಲ. ಸಂಖ್ಯೆಯ ಹೊಂದಿಕೆಯು ಕಾಕತಾಳೀಯವಾಗಿರಬಹುದೆಂಬ ಶಂಕೆಯನ್ನು ಆದುದರಿಂದ ಪೂರ್ತಿಯಾಗಿ ನಿವಾರಿಸಲಾರೆ. ಗುಳಿಕದೊಡನೆ ಏಕಮೂಲವಿಲ್ಲವೆಂಬುದು ಮಾತ್ರ ಗಣಿತದಿಂದಲೇ ನಿಶ್ಚಿತ.

ಶಾಸನಗಳ ಸಾಕ್ಷ್ಯವು ಇಲ್ಲಿ ಹೆಚ್ಚಿನ ನೆರವನ್ನು ನೀಡದು. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ದಾನಶಾಸನಗಳು ವಾರ, ಸಂಕ್ರಾಂತಿ, ಗ್ರಹಣ, ವ್ಯತೀಪಾತಗಳನ್ನು ಧಾರಾಳವಾಗಿ ಹೇಳುವುದಾದರೂ ಹಗಲಿನ ಹೊತ್ತನ್ನು ಹೇಳುವುದು ವಿರಳ. ಅಂಥವುಗಳ ಮೌನದಿಂದ ಏನನ್ನೂ ಸಾಧಿಸಲಾಗದು. 1049ರ ಶ್ರೀಧರಾಚಾರ್ಯನ ಜಾತಕತಿಲಕವೂ ಜಾತಕಗ್ರಂಥವೇ ಹೊರತು ಮುಹೂರ್ತಗ್ರಂಥವಲ್ಲ. ಆದರೆ ಒಂದು ಮನೋಧರ್ಮವು ಶಾಸನಗಳಲ್ಲಿ ಸ್ಪಷ್ಟವಾಗಿದೆ: ಲೌಕಿಕಕಾರ್ಯಕ್ಕೆ ನಿಷಿದ್ಧವಾದ ವ್ಯತೀಪಾತವೇ ದಾನಕ್ಕೆ ಪ್ರಶಸ್ತ. ಬೆಂಗಳೂರಿನ ಬನಶಂಕರಿಯ ಗುಡಿಯಲ್ಲಿ ಮಂಗಳವಾರ, ಶುಕ್ರವಾರಗಳ ರಾಹುಕಾಲದಲ್ಲಿಯೇ ನಿಂಬೆಹಣ್ಣಿನ ಹೋಳುಗಳಲ್ಲಿ ದೀಪ ಹಚ್ಚುವ ಹೆಂಗಸರ ಸಾಲು ಅದೇ ಮನೋಧರ್ಮದ ಮುಂದುವರಿಕೆ.

ಇಂದಿನ ರಾಹುಕಾಲದ ರೂಪವಂತೂ ಗಡಿಯಾರದ ಸೃಷ್ಟಿ. ಗೋಡೆಯ ಕ್ಯಾಲೆಂಡರುಗಳಲ್ಲಿ ಶುಕ್ರವಾರಕ್ಕೆ ವರ್ಷವಿಡೀ ಹತ್ತೂವರೆಯಿಂದ ಹನ್ನೆರಡು ಗಂಟೆಯೆಂದೇ ಅಚ್ಚಾಗಿರುವುದುಂಟು. ಇದು ಆರು ಗಂಟೆಗೆ ಸೂರ್ಯೋದಯ, ಆರು ಗಂಟೆಗೆ ಅಸ್ತವೆಂದು ಹಿಡಿದ ಲೆಕ್ಕ. ಬೆಂಗಳೂರಿನ ಹಗಲು ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಗೂ ಕಡಮೆ, ಜೂನಿನಲ್ಲಿ ಹನ್ನೆರಡು ಮುಕ್ಕಾಲು ಗಂಟೆಗೂ ಹೆಚ್ಚು. ಸಾಲದುದಕ್ಕೆ 1906ರಲ್ಲಿ ಬಳಕೆಗೆ ಬಂದ ಭಾರತೀಯ ಪ್ರಮಾಣಕಾಲವು ಇಲ್ಲಿಯ ಸ್ಥಳೀಯಕಾಲಕ್ಕಿಂತ ಸುಮಾರು 20 ನಿಮಿಷ ಮುಂದಿದೆ. ಜನವರಿಯ ನಡುವೆ ಸೂರ್ಯನು ಹುಟ್ಟುವುದು ಆರು ಮುಕ್ಕಾಲಕ್ಕೆ. ಆಗ ಶುಕ್ರವಾರದ ನಾಲ್ಕನೆಯ ಭಾಗವು ಹನ್ನೊಂದರ ಆಸುಪಾಸಿನಲ್ಲಿ ತೊಡಗಿ ಹನ್ನೆರಡೂವರೆಯವರೆಗೆ ನಡೆಯುತ್ತದೆ. ಹನ್ನೆರಡು ಹೊಡೆಯಲೆಂದು ಕಾದು ಕುಳಿತು, ಹೊಡೆದೊಡನೆ ಪತ್ರಕ್ಕೆ ಸಹಿ ಹಾಕುವವನು ಶಾಸ್ತ್ರಪ್ರಕಾರ ರಾಹುಕಾಲದಲ್ಲಿಯೇ ಹಾಕುತ್ತಾನೆ!

ಉಳಿದಿರುವ ಪ್ರಶ್ನೆ ದಿಕ್ಕುಗಳ ಆ ಅನುಕ್ರಮದ್ದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಮಠಮಾನ್ಯಗಳಲ್ಲಿಯೂ ಇರುವ ಮುಹೂರ್ತ ಮತ್ತು ಯಾತ್ರಾಪ್ರಕರಣದ ಓಲೆಗರಿಗಳನ್ನು ಓದುವ ವಿದ್ವಾಂಸರು, ನೈರೃತ್ಯದಿಂದ ಹೊರಟು ಪೂರ್ವದಲ್ಲಿ ಮುಗಿಯುವ ಈ ಕ್ರಮವು ವಾರಗಳ ಹೆಸರಿಲ್ಲದೆ, ದಿಕ್ಕುಗಳ ಹೆಸರಿನಲ್ಲಿಯೇ, ಎಲ್ಲಿಯಾದರೂ ದೊರೆತಲ್ಲಿ ಪ್ರಕಟಿಸಬೇಕೆಂದು ಪ್ರಾರ್ಥನೆ.