ಒಂದೇ ಹೈವೇ, ಮೂರು ಕಾನೂನು | ಬೋರ್ಡ್ ಹಿಂದಿನ ಕಥೆ, ಭಾಗ 6

ಫ್ರೆಂಡ್ಸ್, ಇವತ್ತು ಒಂದು ಚಿಕ್ಕ ಡ್ರೈವ್ ಹೋಗೋಣ. 🚗

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಇಂಟರ್‌ಸ್ಟೇಟ್ 95 ಅನ್ನೋ ಹೆದ್ದಾರಿ ಮ್ಯಾಸಚೂಸೆಟ್ಸ್‌ನಿಂದ ನ್ಯೂ ಹ್ಯಾಂಪ್‌ಶೈರ್ ದಾಟಿ ಮೇನ್ ರಾಜ್ಯಕ್ಕೆ ಹೋಗುತ್ತೆ. ಮಧ್ಯದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಅದರ ಉದ್ದ ಬರೀ 26 ಕಿಲೋಮೀಟರ್. ಕಾಲು ಗಂಟೆ ದಾರಿ. ಆದ್ರೆ ಈ ಮೂರು ರಾಜ್ಯದಲ್ಲಿ ಸೀಟ್ ಬೆಲ್ಟ್ ಕಾನೂನು ಮೂರು ಥರ!

ಮ್ಯಾಸಚೂಸೆಟ್ಸ್‌ನಲ್ಲಿ ಬೆಲ್ಟ್ ಕಡ್ಡಾಯ. ಆದ್ರೆ ದೊಡ್ಡವರು ಬೆಲ್ಟ್ ಹಾಕಿಲ್ಲ ಅನ್ನೋ ಒಂದೇ ಕಾರಣಕ್ಕೆ ಪೊಲೀಸರು ಗಾಡಿ ನಿಲ್ಲಿಸೋ ಹಾಗಿಲ್ಲ. ಬೇರೆ ತಪ್ಪಿಗೆ ಹಿಡಿದಾಗ ಇದಕ್ಕೂ ದಂಡ ಹಾಕಬಹುದು, ಅಷ್ಟೇ. ಮೇನ್‌ನಲ್ಲಿ 2007ರಿಂದ ಬೆಲ್ಟ್ ಇಲ್ಲ ಅಂದ್ರೆ ಸಾಕು, ನಿಲ್ಲಿಸಬಹುದು. ನಡುವಿನ ನ್ಯೂ ಹ್ಯಾಂಪ್‌ಶೈರ್? ದೊಡ್ಡವರಿಗೆ ಬೆಲ್ಟ್ ಕಾನೂನೇ ಇಲ್ಲ. ಇಡೀ ದೇಶದಲ್ಲಿ ಹೀಗಿರೋ ರಾಜ್ಯ ಅದೊಂದೇ. ಅಲ್ಲಿನ ರಸ್ತೆಬದಿ ಬೋರ್ಡ್ ಹೇಳೋದಿಷ್ಟು: 18ರೊಳಗಿನವರು ಬೆಲ್ಟ್ ಹಾಕಿ, ಎಲ್ಲರಿಗೂ ಅದು ಕಾಮನ್ ಸೆನ್ಸ್.

ಯಾಕೆ ಹೀಗೆ?

ಹೊಸ ಕಾರುಗಳಲ್ಲಿ ಬೆಲ್ಟ್ ಇರಲೇಬೇಕು ಅಂತ 1968ರಲ್ಲೇ ಕೇಂದ್ರದ ನಿಯಮ ಬಂತು. ಆದ್ರೆ ಹಾಕಿಕೊಳ್ಳಲೇಬೇಕು ಅಂತ ಅದು ಹೇಳಲಿಲ್ಲ. ಕಾರು ಹೇಗಿರಬೇಕು ಅನ್ನೋದು ಕೇಂದ್ರದ ಕೈಲಿ, ಅದರಲ್ಲಿ ಕೂತವರು ಹೇಗಿರಬೇಕು ಅನ್ನೋದು ರಾಜ್ಯಗಳ ಕೈಲಿ. ಬೆಲ್ಟ್ ಸುಮ್ನೆ ನೇತಾಡ್ತಾ ಇತ್ತು.

1984ರಲ್ಲಿ ಸಾರಿಗೆ ಸಚಿವೆ ಎಲಿಜಬೆತ್ ಡೋಲ್ ಒಂದು ಷರತ್ತು ಹಾಕಿದರು. ಕಾರುಗಳಲ್ಲಿ ಏರ್‌ಬ್ಯಾಗ್ ಅಥವಾ ತಾನೇ ಬಿಗಿಯೋ ಬೆಲ್ಟ್ ಬರಬೇಕು. 1989ರ ಏಪ್ರಿಲ್ ಒಳಗೆ ದೇಶದ ಮೂರನೇ ಎರಡು ಭಾಗ ಜನರಿಗೆ ರಾಜ್ಯಗಳೇ ಬೆಲ್ಟ್ ಕಡ್ಡಾಯ ಮಾಡಿದ್ರೆ ಮಾತ್ರ ವಿನಾಯಿತಿ. ಕಾರು ಕಂಪನಿಗಳು ತಕ್ಷಣ ರಾಜ್ಯ ರಾಜ್ಯ ಸುತ್ತಿ ಬೆಲ್ಟ್ ಕಾನೂನಿಗೆ ಲಾಬಿ ಶುರು ಮಾಡಿದ್ವು! ಅದೇ ವರ್ಷ ನ್ಯೂಯಾರ್ಕ್ ಮೊದಲ ಕಾನೂನು ಮಾಡಿತು.

ಎಲ್ಲರೂ ಸುಮ್ನೆ ಒಪ್ಪಲಿಲ್ಲ. ಮ್ಯಾಸಚೂಸೆಟ್ಸ್ ಜನ 1986ರಲ್ಲಿ ವೋಟ್ ಹಾಕಿ ತಮ್ಮ ಬೆಲ್ಟ್ ಕಾನೂನನ್ನೇ ಕಿತ್ತು ಹಾಕಿದರು. 1994ರಲ್ಲಿ ಅದು ಮತ್ತೆ ಬಂತು, ಮತ್ತೆ ವೋಟಿಗೆ ಹೋಯ್ತು, ಈ ಸಲ ಉಳೀತು. ನ್ಯೂ ಹ್ಯಾಂಪ್‌ಶೈರ್ ಮಾತ್ರ ಜಗ್ಗಲಿಲ್ಲ. ಅದರ ನಂಬರ್ ಪ್ಲೇಟ್ ಮೇಲಿರೋ ಧ್ಯೇಯವಾಕ್ಯವೇ 'ಸ್ವತಂತ್ರರಾಗಿ ಬದುಕಿ, ಇಲ್ಲವೇ ಸಾಯಿರಿ' ಅಂತ.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೂ ಒಂದೇ. ಆದ್ರೂ ಸ್ಥಳದಲ್ಲೇ ಕಟ್ಟೋ ದಂಡದ ಮೊತ್ತ ರಾಜ್ಯದ ಕೈಲಿದೆ. 2019ರಲ್ಲಿ ಕೇಂದ್ರ ದಂಡ ಏರಿಸಿದಾಗ ಜನ ಗಲಾಟೆ ಮಾಡಿದ್ರು. ಕರ್ನಾಟಕ ಸರ್ಕಾರ ಸೀಟ್ ಬೆಲ್ಟ್ ದಂಡವನ್ನ 1000ದಿಂದ 500 ರೂಪಾಯಿಗೆ ಇಳಿಸಿತು.

ಅಂದ್ರೆ ರಸ್ತೆಬದಿ ಬೋರ್ಡ್‌ನಲ್ಲಿ ಇರೋದು ಬರೀ ಸುರಕ್ಷತೆಯ ಲೆಕ್ಕ ಅಲ್ಲ. ಆ ರಾಜ್ಯದ ಜನ ಎಷ್ಟು ಜಗಳ ಆಡಿ ಎಲ್ಲಿಗೆ ರಾಜಿ ಆದ್ರು ಅನ್ನೋ ಲೆಕ್ಕ. ಗಡಿ ದಾಟಿದ್ರೆ ರಾಜಿ ಬದಲಾಗುತ್ತೆ. ಆದ್ರೆ ನೂರರ ಸ್ಪೀಡಲ್ಲಿ ಬ್ರೇಕ್ ಬಿದ್ದಾಗ ನಮ್ಮ ಮೈ ಮುಂದಕ್ಕೆ ಹೋಗೋ ರಭಸ ಮೂರೂ ರಾಜ್ಯದಲ್ಲಿ ಒಂದೇ.

ಈಗ ನೀವು ಹೇಳಿ: ದಂಡವೇ ಇಲ್ಲದ ಆ 26 ಕಿಲೋಮೀಟರ್‌ನಲ್ಲಿ ನೀವು ಬೆಲ್ಟ್ ಹಾಕ್ತೀರಾ? ಸತ್ಯ ಹೇಳ್ಬೇಕು. 👇

#ಬೋರ್ಡ್_ಹಿಂದಿನ_ಕಥೆ