ಬೆಟ್ಟದ ಮೇಲಿನ ಸೂರ್ಯಪಟಗಳು: ಕೊಡೈಕಾನಲ್‌ನಿಂದ ಆದಿತ್ಯದವರೆಗೆ

ಬಾಹ್ಯಾಕಾಶ ಮತ್ತು ಚಿತ್ರಕಲೆಯ ನಂಟಿನ ಬಗ್ಗೆ ಈಚೆಗೆ ಬರುತ್ತಿರುವ ಲೇಖನಗಳಿಗೆ ಸವೆದ ದಾರಿಯೊಂದಿದೆ. 2022ರ ಜುಲೈಯಲ್ಲಿ ಬಂದ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳಿಂದ ಶುರು. ಮುಂದೆ 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲಿಳಿದ ಸಂಜೆಯ ರಂಗೋಲಿಗಳು, ಆ ವರ್ಷದ ಗಣೇಶನ ಪೆಂಡಾಲುಗಳಲ್ಲಿ ನಿಂತ ಥರ್ಮೋಕೋಲ್ ರಾಕೆಟ್ಟುಗಳು. ಅಲ್ಲಿಗೆ ಭಾರತದ ಪಾಲು ಮುಗಿಯಿತು. ರಂಗೋಲಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ವೆಬ್‌ನ ಚಿತ್ರಗಳು ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನವು, ಅವಕ್ಕೆ ಬಣ್ಣ ಹಂಚಿದವರು ಮನುಷ್ಯರು ಎಂಬುದನ್ನು ನಾಸಾ ಮುಚ್ಚಿಟ್ಟಿಲ್ಲ. ನಮ್ಮ ಪುರವಣಿಗಳು ಮಾತ್ರ ಆ ಸಾಲನ್ನು ಬಿಟ್ಟು ಅಚ್ಚುಹಾಕುತ್ತವೆ. ನನ್ನ ತಕರಾರು ಬೇರೆಯದು. ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟಸಾಲಿನಲ್ಲಿ, 2,343 ಮೀಟರ್ ಎತ್ತರದಲ್ಲಿ, ನೂರಿಪ್ಪತ್ತು ವರ್ಷಗಳಿಂದ ಸೂರ್ಯನ ಚಿತ್ರ ತೆಗೆಯುತ್ತ, ಬರೆಯುತ್ತ ಬಂದಿರುವ ವೀಕ್ಷಣಾಲಯವೊಂದಿದೆ. ಅದಿರುವ ಕೊಡೈಕಾನಲ್ ಎಂದರೆ ಈ ಲೇಖನಗಳನ್ನು ಬರೆಯುವವರಿಗೆ ದೋಣಿವಿಹಾರ ಮತ್ತು ಚಾಕಲೇಟು.

ಹಿಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಫೋಟೋಗ್ರಫಿ ಪಳಗುವ ಮೊದಲು ಆಕಾಶವನ್ನು ದಾಖಲಿಸುತ್ತಿದ್ದುದು ಪೆನ್ಸಿಲ್ಲೇ. 1868ರ ಗುಂಟೂರಿನ ಗ್ರಹಣಕ್ಕೆ ಯುರೋಪಿನವರು ರೋಹಿತದರ್ಶಕ ಹೊತ್ತು ಬಂದಾಗಲೂ ಜೊತೆಗೆ ರೇಖಾಚಿತ್ರದ ಹಾಳೆಗಳಿದ್ದವು. 1876–78ರ ಮದ್ರಾಸ್ ಕ್ಷಾಮದ ನಂತರ, ಮಳೆಗೂ ಸೌರಕಲೆಗಳಿಗೂ ಏನಾದರೂ ಸಂಬಂಧವಿದೆಯೇ ಎಂದು ತಿಳಿಯುವ ಆಸೆ ಸರ್ಕಾರಕ್ಕೆ ಹುಟ್ಟಿತು. ಖಗೋಳಜ್ಞ ಮಿಚಿ ಸ್ಮಿತ್ ನೀಲಗಿರಿಯನ್ನೂ ಪಳನಿಯನ್ನೂ ತೂಗಿನೋಡಿ ಕೊಡೈಕಾನಲ್ ಆರಿಸಿದರು. 1899ರಲ್ಲಿ ಮದ್ರಾಸಿನ ವೀಕ್ಷಣಾಲಯದ ಮುಖ್ಯ ಕೆಲಸ ಬೆಟ್ಟ ಹತ್ತಿತು. ಕ್ಷಾಮದ ಪ್ರಶ್ನೆಗೆ ಬೇಕಿದ್ದ ಉತ್ತರ ಅಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಚಿತ್ರಗಳು.

1907ರಲ್ಲಿ ಬಂದ ಜಾನ್ ಎವರ್‌ಶೆಡ್ ಉಪಕರಣಗಳನ್ನು ತಾವೇ ಕಟ್ಟಿಕೊಳ್ಳುವ ಜಾತಿಯವರು. 1909ರ ಜನವರಿಯಲ್ಲಿ ಸೌರಕಲೆಯೊಂದರ ರೋಹಿತದಲ್ಲಿ ರೇಖೆಗಳು ಒಂದು ಬದಿಗೆ ಕೆಂಪಿನತ್ತ, ಇನ್ನೊಂದು ಬದಿಗೆ ನೀಲಿಯತ್ತ ವಾಲಿದ್ದನ್ನು ಕಂಡರು. ಸೌರಕಲೆಯ ಅರೆನೆರಳಿನಲ್ಲಿ ಅನಿಲ ನಡುವಿನಿಂದ ಅಂಚಿಗೆ ಹರಿಯುತ್ತಿದೆ ಎಂಬುದು ಅದರ ಅರ್ಥ. ಎವರ್‌ಶೆಡ್ ಪರಿಣಾಮ ಎಂದು ಪಠ್ಯಪುಸ್ತಕಗಳಲ್ಲಿರುವುದು ಇದೇ. ಅವರ ಪತ್ನಿ ಮೇರಿ ಎವರ್‌ಶೆಡ್ ಅವರನ್ನು ಜನ ಅಡಿಟಿಪ್ಪಣಿಗೆ ತಳ್ಳುತ್ತಾರೆ; ಈ ಲೇಖನದ ಮಟ್ಟಿಗೆ ಅವರೇ ಮುಖ್ಯ. ಸೂರ್ಯನ ಅಂಚಿನಿಂದ ಮೇಲೇಳುವ ಚಾಚಿಕೆಗಳ ಆಕಾರಗಳನ್ನು ಅವರು ವರ್ಗೀಕರಿಸಿ ಪ್ರಕಟಿಸಿದರು. ಅದೇ ವರ್ಷಗಳಲ್ಲಿ ದಾಂಟೆಯ ಕಾವ್ಯದಲ್ಲಿರುವ ಖಗೋಳವನ್ನು ಕುರಿತು ಒಂದು ಗ್ರಂಥವನ್ನೂ ಬರೆದರು. ಮಧ್ಯಯುಗದ ಇಟಲಿಯ ಕವಿಯ ಆಕಾಶವನ್ನು ಪಳನಿ ಬೆಟ್ಟದಲ್ಲಿ ಕೂತು ಬಿಡಿಸಿದ ಆ ಪುಸ್ತಕವನ್ನು ಸಾಹಿತ್ಯದ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ವಿಜ್ಞಾನಕ್ಕೂ ಕಲೆಗೂ ಈಗಷ್ಟೇ ಸೇತುವೆ ಕಟ್ಟುತ್ತಿದ್ದೇವೆ ಎನ್ನುವವರು ಅದನ್ನೊಮ್ಮೆ ತಿರುವಿಹಾಕಬೇಕು.

ಇನ್ನು ಸೂರ್ಯಪಟಗಳು. 1904ರ ಹೊತ್ತಿಗೆ ಕೊಡೈಕಾನಲ್‌ನಲ್ಲಿ ಸೂರ್ಯನ ಬಿಳಿಬೆಳಕಿನ ಚಿತ್ರಗಳನ್ನೂ ಕ್ಯಾಲ್ಸಿಯಂನ ಒಂದೇ ಬಣ್ಣದ ಚಿತ್ರಗಳನ್ನೂ ತೆಗೆಯುವ ಏರ್ಪಾಡು ಆಗಿತ್ತು. 1912ರಿಂದ ಹೈಡ್ರೋಜನ್‌ನ ಕೆಂಪು ಬೆಳಕಿನವೂ ಸೇರಿದವು. ಮೋಡವಿಲ್ಲದ ದಿನವೆಲ್ಲ ಗಾಜಿನ ಪ್ಲೇಟು ತಯಾರಾಗುತ್ತಿತ್ತು. ಪ್ಲೇಟಿನಲ್ಲಿ ಬಿದ್ದದ್ದನ್ನು ಕೈಯಿಂದ ಕಾಗದಕ್ಕೆ ಇಳಿಸುವ ಕೆಲಸವೂ ಜೊತೆಜೊತೆಗೇ ನಡೆಯಿತು. ಅಕ್ಷಾಂಶ ರೇಖಾಂಶಗಳ ವೃತ್ತದೊಳಗೆ ಸೌರಕಲೆಗೆ ಒಂದು ಬಣ್ಣ, ಕ್ಯಾಲ್ಸಿಯಂನಲ್ಲಿ ಹೊಳೆಯುವ ಪ್ರದೇಶಗಳಿಗೆ ಇನ್ನೊಂದು, ಬಿಂಬದ ಮೇಲೆ ಕಪ್ಪು ಎಳೆಗಳಾಗಿ ಕಾಣುವ ತಂತುಗಳಿಗೆ ಮತ್ತೊಂದು. ಸೂರ್ಯಪಟ ಎಂದರೆ ಈ ಹಾಳೆಗಳೇ. ಇದು ನಕಲು ತೆಗೆಯುವ ಕೆಲಸವೆಂದುಕೊಂಡರೆ ತಪ್ಪು. ಹೊಳಪಿನ ಪ್ರದೇಶ ಎಲ್ಲಿ ಮುಗಿಯುತ್ತದೆ, ತುಂಡಾಗಿ ಕಾಣುವ ಎರಡು ತಂತುಗಳು ಒಂದೇ ಹೌದೇ, ಕಾಣುವುದು ಸೂರ್ಯನ ಮೇಲಿನದ್ದೇ ಅಥವಾ ಪ್ಲೇಟಿನ ಗೀರೇ ಎಂದು ಪೆನ್ಸಿಲ್ ಹಿಡಿದವನೇ ತೀರ್ಮಾನಿಸಬೇಕು. ಚಿತ್ರಕಾರನ ಹೊಣೆಯೂ ಅದೇ.

ಆ ಹೊಣೆಯ ಬೆಲೆ ದಶಕಗಳ ಮೇಲೆ ತಿಳಿಯಿತು. ಉದ್ದನೆಯ ತಂತುಗಳು ಸೂರ್ಯನ ಮೇಲೆ ಉತ್ತರ ದಕ್ಷಿಣ ಕಾಂತಧ್ರುವತೆಗಳು ಸಂಧಿಸುವ ಗಡಿಯಲ್ಲೇ ನಿಲ್ಲುತ್ತವೆ. ಹಾಗಾಗಿ ತಂತುಗಳ ಗೆರೆ ಕೂಡಿಸಿದರೆ, ಕಾಂತಕ್ಷೇತ್ರವನ್ನು ಅಳೆಯುವ ಯಂತ್ರಗಳೇ ಇಲ್ಲದ ಕಾಲದ ಸೂರ್ಯನ ಕಾಂತನಕ್ಷೆ ಸಿಗುತ್ತದೆ. ಭಾರತೀಯ ಖಭೌತ ಸಂಸ್ಥೆಯ ಕೆ.ಆರ್. ಶಿವರಾಮನ್ ಮತ್ತು ರಷ್ಯಾದ ಮಕರೋವ್ 1980ರ ದಶಕದಲ್ಲಿ ಕೊಡೈಕಾನಲ್‌ನ ದಾಖಲೆ ಹಿಡಿದು ಈ ಕೆಲಸ ಮಾಡಿದರು. ಈಗ ಅದೇ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಗೆರೆ ಓದಲು ಕಲಿಸುತ್ತಿದ್ದಾರೆ. ನಡುವೆ, ವೇಣು ಬಾಪು 1960ರಲ್ಲಿ ವೀಕ್ಷಣಾಲಯದ ನಿರ್ದೇಶಕರಾದ ಮೇಲೆ ಅದರ ಗಮನ ನಕ್ಷತ್ರಗಳ ಕಡೆ, ಕಾವಲೂರಿನ ಹೊಸ ವೀಕ್ಷಣಾಲಯದ ಕಡೆ ಸರಿಯಿತು, 1971ರಲ್ಲಿ ಹುಟ್ಟಿದ ಖಭೌತ ಸಂಸ್ಥೆ ಬೆಂಗಳೂರಿಗೆ ಬಂತು. ಬೆಟ್ಟ ಸ್ವಲ್ಪ ಹಳೆಯದಾಯಿತು. ಆದರೂ ದಿನಚರಿ ನಿಲ್ಲಲಿಲ್ಲ. ಅದಕ್ಕೆ ಬಾಪು ಅವರನ್ನೇ ಹೊಗಳಬೇಕು.

ನಮ್ಮ ತಲೆಮಾರಿನವರು ಈ ಸಂಪ್ರದಾಯಕ್ಕೆ ಬಂದದ್ದು ಹಿತ್ತಲ ಬಾಗಿಲಿನಿಂದ. 1980ರ ಫೆಬ್ರವರಿ 16ರ ಪೂರ್ಣ ಗ್ರಹಣ ಉತ್ತರ ಕನ್ನಡದಿಂದ ರಾಯಚೂರಿನವರೆಗೆ ಕರ್ನಾಟಕವನ್ನು ಅಡ್ಡಹಾಯ್ದಿತು. ಖಭೌತ ಸಂಸ್ಥೆಯ ತಂಡ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿತ್ತು. ಊರೂರುಗಳಲ್ಲಿ ಜನ ಕಿಟಕಿ ಬಾಗಿಲು ಹಾಕಿಕೊಂಡು ಕೂತಿದ್ದರು. ಆ ಮುಚ್ಚಿದ ಬಾಗಿಲುಗಳ ಮೇಲಿನ ಸಿಟ್ಟೇ ನಮ್ಮಲ್ಲಿ ಹಲವರನ್ನು ಹವ್ಯಾಸಿಗಳನ್ನಾಗಿಸಿತು. ಜಿ.ಟಿ. ನಾರಾಯಣರಾಯರ ಬರಹ ಕನ್ನಡದಲ್ಲಿ ಆಕಾಶ ನೋಡುವ ಧೈರ್ಯ ಕೊಟ್ಟಿತ್ತು. 1986ರಲ್ಲಿ ಹ್ಯಾಲಿ ಧೂಮಕೇತು ಬಂದು ನಿರಾಸೆ ಮಾಡಿತು, 1989ರಲ್ಲಿ ಬೆಂಗಳೂರಿನ ನೆಹರೂ ತಾರಾಲಯ ತೆರೆಯಿತು. ನಾವು ಕಲಿತದ್ದು ಒಂದೇ ವಿದ್ಯೆ: ಪುಟ್ಟ ದೂರದರ್ಶಕದಿಂದ ಒಬ್ಬಟ್ಟಿನಗಲ ಸೂರ್ಯನನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ, ಕಂಡ ಚುಕ್ಕೆಗಳನ್ನು ಪೆನ್ಸಿಲಿನಿಂದ ಗುರುತಿಸುವುದು. ಹತ್ತು ದಿನ ಬಿಡದೆ ಬರೆದರೆ ಸೂರ್ಯ ತಿರುಗುವುದು ಹಾಳೆಯ ಮೇಲೆಯೇ ಕಾಣುತ್ತದೆ. 2004 ಮತ್ತು 2012ರ ಜೂನ್‌ನಲ್ಲಿ ಶುಕ್ರ ಸೂರ್ಯನ ಮುಂದೆ ಹಾದಾಗ ಶಾಲೆಗಳ ಅಂಗಳದಲ್ಲಿ ಮಕ್ಕಳ ಕೈಗೆ ಕೊಟ್ಟದ್ದೂ ಇದನ್ನೇ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟ ದಾಟಿ ದಿಂಡಿಗಲ್‌ಗೆ ಹೋಗುವ ಹೊತ್ತಿಗೆ ರಟ್ಟಿನ ಜಾಗಕ್ಕೆ ಮೊಬೈಲು ಬಂದಿತ್ತು. ಚಿತ್ರ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ತೆಗೆದವನನ್ನು ಚುಕ್ಕೆ ಎಲ್ಲಿತ್ತು ಎಂದು ಕೇಳಿದರೆ ಮತ್ತೆ ಮೊಬೈಲನ್ನೇ ನೋಡುತ್ತಾನೆ.

ಚಿತ್ರವೇ ವಿಜ್ಞಾನಕ್ಕೆ ಸಾಕ್ಷಿ ಹೇಳಿದ ಪ್ರಸಂಗವೂ ನಮ್ಮ ಕಾಲದ್ದೇ. ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯೊಳಗೆ ಸಂಕ್ರಾಂತಿಯ ಸಂಜೆ ಬಿಸಿಲು ಬೀಳುವುದನ್ನು ಎಲ್ಲರೂ ಬಲ್ಲರು. ಜಯಂತ್ ವ್ಯಾಸನಕೆರೆ, ಕೆ. ಸುಧೀಶ್ ಮತ್ತು ಬಿ.ಎಸ್. ಶೈಲಜಾ 2008ರಲ್ಲಿ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಡೇನಿಯಲ್ ಕಲಾವಿದರು ಬರೆದ ಅದೇ ಗುಡಿಯ ಚಿತ್ರಗಳನ್ನು ಈಗಿನ ಕಟ್ಟಡದ ಪಕ್ಕ ಇಟ್ಟು ನೋಡಿ, ನಡುವೆ ಎದ್ದ ಗೋಡೆಗಳು ಬಿಸಿಲಿನ ದಾರಿಯನ್ನು ಹೇಗೆ ಬದಲಿಸಿವೆ ಎಂದು ತೋರಿಸಿದರು. ಅವರ ಆ ಲೇಖನಕ್ಕೆ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲ.

ಕೊಡೈಕಾನಲ್‌ನ ಕಪಾಟುಗಳನ್ನು ಕಲೆಯ ಲೋಕಕ್ಕೆ ತೆರೆದವರು ದೆಹಲಿಯ ಕಲಾವಿದೆ ರೋಹಿಣಿ ದೇವಶೇರ್. ಪ್ಲೇಟು, ಫಿಲ್ಮುಗಳ ಡಿಜಿಟಲ್ ಸಂಗ್ರಹ ಸಾರ್ವಜನಿಕವಾದ ಮೇಲೆ, ಅದರ ಒಂದೂವರೆ ಲಕ್ಷಕ್ಕೂ ಹೆಚ್ಚು ಸೂರ್ಯಚಿತ್ರಗಳನ್ನು ಆಧರಿಸಿ 2023ರಲ್ಲಿ ಅವರು ‘ಒನ್ ಹಂಡ್ರೆಡ್ ಥೌಸಂಡ್ ಸನ್ಸ್’ ಎಂಬ ವಿಡಿಯೊ ಕೃತಿ ಮಾಡಿದರು. 2024ರಲ್ಲಿ ಡಾಯ್ಚ ಬ್ಯಾಂಕ್‌ನ ವರ್ಷದ ಕಲಾವಿದೆಯಾದರು, ಬರ್ಲಿನ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಈ ಕೃತಿಯ ದೊಡ್ಡತನ ಅಂದಗೊಳಿಸದಿರುವುದರಲ್ಲಿದೆ. ಸೂರ್ಯನಷ್ಟೇ ಗಮನ ಸೂರ್ಯನನ್ನು ನೋಡುತ್ತ ಕೂತವರ ಮೇಲೂ ಇದೆ.

2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಇಸ್ರೋದ ಸೌರನೌಕೆ ಆದಿತ್ಯ-ಎಲ್1 ಈ ಸಾಲಿನ ಹೊಸ ಸದಸ್ಯ. ಸೂರ್ಯಬಿಂಬವನ್ನು ಮರೆಮಾಡಿ ಅದರ ಸುತ್ತಲಿನ ಕರೋನಾ ನೋಡುವ ಅದರ ವಿಇಎಲ್‌ಸಿ ಉಪಕರಣವನ್ನು ಖಭೌತ ಸಂಸ್ಥೆಯೇ ಹೊಸಕೋಟೆಯ ಆವರಣದಲ್ಲಿ ಕಟ್ಟಿತು. ಅದೇ ನೌಕೆಯಲ್ಲಿರುವ, ಪುಣೆಯವರು ಕಟ್ಟಿದ ಸೂಟ್ ದೂರದರ್ಶಕ ತೆಗೆಯುವ ಕ್ಯಾಲ್ಸಿಯಂ ಚಿತ್ರಗಳು ಎವರ್‌ಶೆಡ್ ಕಾಲದ ಪ್ಲೇಟುಗಳ ನೇರ ವಂಶಜರು. 2024ರ ಮೇ ತಿಂಗಳ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಕೆಂಪನ್ನು ಪ್ಲೇಟುಗಳ ಜೊತೆ ಇಟ್ಟು ಓದಿದ ಲೇಖನ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಆಗದೆ ಉಳಿದ ಕೆಲಸ ಬಹಳ. ನಿರ್ದೇಶಕರ ಹೆಸರು ಬಾಯಿಪಾಠವಿರುವ ನಮಗೆ ಪ್ಲೇಟು ತೊಳೆದವರ, ಹಾಳೆಗೆ ಗೆರೆ ಎಳೆದವರ ಹೆಸರು ಗೊತ್ತಿಲ್ಲ. ಸೀತಾರಾಮ ಅಯ್ಯರ್, ನಾಗರಾಜ ಅಯ್ಯರ್‌ರಂಥ ಒಂದಿಬ್ಬರು ಸಹಾಯಕರು ವರದಿಗಳಲ್ಲಿ ಸುಳಿದು ಮಾಯವಾಗುತ್ತಾರೆ. ಕನ್ನಡ ಕಾವ್ಯ ಬೆಳಗನ್ನು ಬೇಕಾದಷ್ಟು ಹಾಡಿದೆ, ನಡುಹಗಲಿನ ಸೂರ್ಯನ ಮೈ ನೋಡಿದ್ದು ಕಡಿಮೆ. ರಾಜಶೇಖರ ಭೂಸನೂರಮಠರ ನಂತರ ವಿಜ್ಞಾನಕಥೆಯೂ ಬಡವಾಯಿತು. ಪಳನಿ ಬೆಟ್ಟದ ಬುಡದ ಕಂಬಂ ಕಣಿವೆಯಲ್ಲಿ, ತೇನಿ, ಬೋಡಿಯ ಕಡೆ, ಕಪ್ಪಿಲಿಯ ಗೌಡರ ಮನೆಗಳಲ್ಲಿ ಹಳೆಯ ಬಗೆಯ ಕನ್ನಡ ಇನ್ನೂ ಉಳಿದಿದೆ. ದನ ಸಾಕಿ ಬದುಕಿದ ಆ ಜನ ಚುಕ್ಕಿಗಳನ್ನು ಏನೆಂದು ಕರೆಯುತ್ತಾರೆ, ಗ್ರಹಣದ ಕಥೆ ಹೇಗೆ ಹೇಳುತ್ತಾರೆ ಎಂದು ಕೇಳಲು ನಮ್ಮ ಜಾನಪದ ವಿಭಾಗದವರು ಒಂದು ಬಸ್ಸು ಹತ್ತಿದರೆ ಸಾಕು.

ಈಚೆಗೆ ಬೆಂಗಳೂರಿನ ಪ್ರದರ್ಶನವೊಂದಕ್ಕೆ ಸಲಹೆ ಕೇಳಿದವರಿಗೆ ಸೂರ್ಯಪಟಗಳನ್ನು ಸೂಚಿಸಿದೆ. ಬಣ್ಣ ಸಾಲದು, ವೆಬ್‌ನ ದೊಡ್ಡ ಪ್ರಿಂಟುಗಳೇ ಇರಲಿ ಎಂದರು. ಖಭೌತ ಸಂಸ್ಥೆಯ ಕಚೇರಿ ಕೋರಮಂಗಲದಲ್ಲಿದೆ, ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಅರಮನೆ ರಸ್ತೆಯಲ್ಲಿ. ನಡುವೆ ಹೆಚ್ಚೆಂದರೆ ಹತ್ತು ಹನ್ನೆರಡು ಕಿಲೋಮೀಟರು.